ಪತ್ತನಾಜೆಗೆ ಮೊದಲು: ನಿಮ್ಮ ವಾರ್ಡಿನ ಅಪಾಯದ ನಕ್ಷೆ ನೀವೇ ಮಾಡಿಕೊಳ್ಳಿ

ನಮ್ಮ ಮನೆಯ ಹಿಂದೆ ಒಂದು ಬರೆ, ಅಂದರೆ ಗುಡ್ಡ ಕಡಿದ ಅಂಚು, ಇದೆ. ಮನೆ ಕಟ್ಟುವಾಗ ಹಿತ್ತಿಲು ಸ್ವಲ್ಪ ಅಗಲ ಆಗಲಿ ಅಂತ ಜೇಸಿಬಿ ತರಿಸಿ ಕಡಿಸಿದ್ದು. ಸುಮಾರು ಹದಿನಾಲ್ಕು ಅಡಿ ಎತ್ತರ, ಗೋಡೆಯ ಹಾಗೆ ನೇರ. ನಾಲ್ಕು ಮಳೆಗಾಲ ಏನೂ ಆಗಲಿಲ್ಲ. ಐದನೆಯ ವರ್ಷ ಆಟಿ ತಿಂಗಳ ಒಂದು ರಾತ್ರಿ, ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಬೆಳಿಗ್ಗೆ ನೋಡಿದರೆ ಪಾತ್ರೆ ತೊಳೆಯುವ ಕಲ್ಲು ಕಾಣಿಸುತ್ತಿಲ್ಲ. ಅಡುಗೆಮನೆಯ ಕಿಟಕಿಯ ಅರ್ಧದವರೆಗೆ ಕೆಂಪು ಕೆಸರು. ಇದೇ ಸಂಜೆ ಏಳು ಗಂಟೆಗೆ ಆಗಿದ್ದರೆ ಅಲ್ಲಿ ಅಮ್ಮ ಇರುತ್ತಿದ್ದರು.

ಆಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ನಕ್ಷೆ ತೆಗೆದು ನೋಡಿದೆ. ಗುಡ್ಡ ಕುಸಿಯುವ ಜಾಗಗಳಿಗೆ ಬಣ್ಣ ಹಾಕಿದ್ದರು. ಹೆಚ್ಚಿನದೆಲ್ಲ ಮೂಡಣ ಬದಿಯ ಘಟ್ಟದ ತಪ್ಪಲು. ನಮ್ಮ ಊರಿಗೆ ಬಣ್ಣವೇ ಇಲ್ಲ! ನಕ್ಷೆಯದ್ದೇನೂ ತಪ್ಪಿಲ್ಲ ಬಿಡಿ. ಅದನ್ನು ಮಾಡಿದವರಿಗೆ ಇಡೀ ಗುಡ್ಡ ಕಾಣುತ್ತದೆ, ನಾನು ಕಡಿಸಿದ ಹದಿನಾಲ್ಕು ಅಡಿ ಕಾಣುವುದಿಲ್ಲ. ಆ ಹದಿನಾಲ್ಕು ಅಡಿಯನ್ನು ಗುರುತಿಸುವ ಕೆಲಸ ನಮ್ಮದೇ. ಒಂದು ವಾರ್ಡಿಗೆ ಎರಡು ಭಾನುವಾರ ಸಾಕು. ಒಂದು ಪುಸ್ತಕ, ಒಂದು ಅಳತೆಯ ಟೇಪು, ಫೋನು, ಜೊತೆಗೆ ಊರು ಗೊತ್ತಿರುವ ಮೂರು ಜನ ಬೇಕು.

ಯಾವಾಗ ಮಾಡಬೇಕು? ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನಕ್ಕೆ, ಮೊದಲು. 2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ಕ್ಕೆ, ಸರಿಯಾಗಿ ಪತ್ತನಾಜೆಯ ಹೊತ್ತಿಗೆ. ಜೂನ್ ಬರಲಿ, ನೋಡೋಣ ಅಂದುಕೊಂಡವರೆಲ್ಲ ಆ ವರ್ಷ ಮಳೆಯಲ್ಲೇ ಚರಂಡಿ ಬಿಡಿಸಿದರು.

ಮೊದಲು, ಇರುವುದನ್ನು ಕೇಳಿ ಪಡೆಯಿರಿ

ಕೇರಳದಲ್ಲಿ 2019-20ರ ಹೊತ್ತಿಗೆ ‘ನಮ್ಮಳ್ ನಮುಕ್ಕಾಯಿ’ ಅನ್ನುವ ಕಾರ್ಯಕ್ರಮದಲ್ಲಿ ಪಂಚಾಯತುಗಳಿಗೆಲ್ಲ ವಿಪತ್ತು ನಿರ್ವಹಣಾ ಯೋಜನೆ ಮಾಡಿಸಿದರು. ನಿಮ್ಮ ಪಂಚಾಯತಿನದ್ದೂ ಇರುತ್ತದೆ. ಹೋಗಿ ಕೇಳಿ. ಅರ್ಜಿ ಕನ್ನಡದಲ್ಲೇ ಕೊಡಬಹುದು, ಅದು ನಮ್ಮ ಹಕ್ಕು. ಯೋಜನೆ ಮಾತ್ರ ಮಲಯಾಳದಲ್ಲಿ ಇರುವುದೇ ಜಾಸ್ತಿ, ಹಾಗಾಗಿ ಓದಬಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿ. ಇಡೀ ಪುಸ್ತಕ ಓದಬೇಕಾಗಿಲ್ಲ. ನಿಮ್ಮ ವಾರ್ಡಿನ ಪುಟ, ಶಿಬಿರ ಮಾಡುವ ಶಾಲೆಯ ಹೆಸರು, ಫೋನ್ ನಂಬರುಗಳು, ಇಷ್ಟು ಬರೆದುಕೊಳ್ಳಿ. ಆ ನಂಬರುಗಳಿಗೆ ಒಮ್ಮೆ ಫೋನ್ ಮಾಡಿಯೂ ನೋಡಿ. ನಾವು ಮಾಡಿದಾಗ ಒಬ್ಬರು ವರ್ಗವಾಗಿ ಹೋಗಿದ್ದರು, ಇನ್ನೊಬ್ಬರು ನಿವೃತ್ತರಾಗಿದ್ದರು.

ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನೆರೆ, ಗುಡ್ಡ ಕುಸಿತದ ನಕ್ಷೆಗಳಿವೆ. ನಿಮ್ಮ ಪಂಚಾಯತಿನ ಭಾಗ ದೊಡ್ಡದು ಮಾಡಿ ಪ್ರಿಂಟ್ ತೆಗೆಯಿರಿ. ಅದರ ಮೇಲೆ ಪೆನ್ಸಿಲಿನಲ್ಲಿ ನಿಮ್ಮ ವಾರ್ಡನ್ನು ಬರೆಯುತ್ತಾ ಹೋಗಿ.

ನೀರಿನ ಹಿಂದೆ ನಡೆಯಿರಿ

ವಾರ್ಡಿನ ಅತಿ ಎತ್ತರದ ಪದವಿನಿಂದ, ಅಂದರೆ ಗುಡ್ಡದ ನೆತ್ತಿಯ ಬಯಲಿನಿಂದ, ಶುರು ಮಾಡಿ. ನೀರು ಎಲ್ಲಿ ಸೇರುತ್ತದೆ, ಯಾವ ಕಣಿಗೆ ಇಳಿಯುತ್ತದೆ, ಆ ಕಣಿ ಯಾವ ತೋಡಿಗೆ, ತೋಡು ಯಾವ ಹೊಳೆಗೆ, ನಡೆದೇ ನೋಡಿ. ಬೈಕಿನಲ್ಲಿ ಹೋದರೆ ಸಂಕ (ಸಣ್ಣ ಸೇತುವೆ) ಮಾತ್ರ ಕಾಣುತ್ತದೆ, ಸಂಕದ ಅಡಿಯ ಪೈಪು ಕಾಣುವುದಿಲ್ಲ. ಹಿಂದೆ ಆರಡಿ ಅಗಲ ಇದ್ದ ತೋಡಿಗೆ ಈಗ ಎರಡಡಿಯ ಪೈಪು ಹಾಕಿ ಮೇಲೆ ಕಾಂಕ್ರೀಟು ರಸ್ತೆ ಮಾಡಿದ ಜಾಗ ಪ್ರತಿ ವಾರ್ಡಿನಲ್ಲೂ ಒಂದೆರಡು ಸಿಗುತ್ತದೆ. ಅಲ್ಲೊಂದು ನೀಲಿ ಚುಕ್ಕೆ ಇಡಿ.

ಒಂದು ಲೆಕ್ಕ ನೆನಪಿರಲಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ ಒಂದು ಎಕರೆ ಪದವಿಗೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬರುತ್ತದೆ. ಮುಳಿಹುಲ್ಲು, ಪಳ್ಳ, ಮದಕದಂಥ ಹೊಂಡ ಕೆರೆಗಳು ಇದ್ದಾಗ ಪದವು ಇದರಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಈಗ ಮೇಲೆ ಕಲ್ಲಿನ ಕೋರೆ, ಇಂಟರ್‌ಲಾಕ್ ಹಾಕಿದ ಅಂಗಳ, ಹೊಸ ರಸ್ತೆ. ಯಾವುದು ಹೊಸತಾಗಿ ಬಂದಿದೆ ಅಂತ ಬರೆದುಕೊಳ್ಳಿ. ಹಳೆಯ ನೆರೆಯ ನೆನಪು ಹೊಸ ಪದವಿಗೆ ಹೊಂದುವುದಿಲ್ಲ.

ಇನ್ನೊಂದು ಸುಳಿವು ಹೆಸರಿನಲ್ಲೇ ಇದೆ. ಬೆಟ್ಟು, ಮಜಲು, ಬೈಲು ಅಂತ ಗದ್ದೆಗಳಿಗೆ ನಮ್ಮ ಹಿರಿಯರು ಹೆಸರಿಟ್ಟದ್ದು ನೀರನ್ನು ನೋಡಿಯೇ. ಬೆಟ್ಟು ಎತ್ತರದ್ದು, ಮಜಲು ನಡುವಿನದ್ದು, ಬೈಲು ತಗ್ಗಿನದ್ದು. ಬೈಲಿಗೆ ಮಣ್ಣು ತುಂಬಿಸಿ ಕಟ್ಟಿದ ಮನೆ ಈಗ ಎತ್ತರದಲ್ಲಿ ಇರಬಹುದು, ಆದರೆ ನೀರು ಆ ಮನೆಯ ಸುತ್ತಲೂ ನಿಲ್ಲುತ್ತದೆ, ಪಕ್ಕದ ಹಳೆಯ ಮನೆಗೂ ನುಗ್ಗುತ್ತದೆ. ಕುದ್ರು ಅಂತ ಹೆಸರಿದ್ದರೆ ಕೇಳುವುದೇ ಬೇಡ, ಹೊಳೆಯ ನಡುವಿನ ಜಾಗ.

ಹಿರಿಯರನ್ನು ಕೇಳುವಾಗ ಒಂದು ಉಪಾಯ ಇದೆ. “ಯಾವ ವರ್ಷ ನೆರೆ ಬಂದಿತ್ತು?” ಅಂದರೆ ಉತ್ತರ ಸಿಗುವುದಿಲ್ಲ. “ಎಲ್ಲಿಯವರೆಗೆ ಬಂದಿತ್ತು?” ಅಂತ ಕೇಳಿ. ನಮ್ಮ ಹೊಳೆಕರೆಯ ಅಜ್ಜ ಒಬ್ಬರು ಸುಮ್ನೆ ಎದ್ದು ಹೋಗಿ ತುಳಸಿಕಟ್ಟೆಯ ಎರಡನೇ ಮೆಟ್ಟಿಲಿಗೆ ಊರುಗೋಲು ಮುಟ್ಟಿಸಿದರು. “ಇಲ್ಲಿಗೆ. ದೊಡ್ಡ ಮಗಳ ಮದುವೆ ಆದ ವರ್ಷ.” “ಆಮೇಲೆ ಎಷ್ಟು ಸಲ ಬಂದಿದೆ ಅಜ್ಜ?” “ಅಷ್ಟು ಬರಲಿಲ್ಲ. ಅಂಗಳಕ್ಕೆ ಮೂರು ಸಲ.” ಮಗಳ ಮದುವೆಯ ಕಾಗದ ನೋಡಿ ವರ್ಷ ಬರೆದುಕೊಂಡೆವು, ಮೆಟ್ಟಿಲಿನ ಎತ್ತರ ಟೇಪಿನಲ್ಲಿ ಅಳೆದೆವು. ಯಾವ ಕಚೇರಿಯಲ್ಲೂ ಈ ಲೆಕ್ಕ ಸಿಗುವುದಿಲ್ಲ. 1923ರಲ್ಲಿ, ಕಾಸರಗೋಡು ಇನ್ನೂ ದಕ್ಷಿಣ ಕನ್ನಡದ ತಾಲೂಕು ಆಗಿದ್ದಾಗ, ಬಂದ ಮಾರಿಬೊಳ್ಳದ (ಮಹಾ ನೆರೆಯ) ಕತೆಯನ್ನು ಅಜ್ಜಂದಿರ ಬಾಯಿಂದ ಕೇಳಿದವರೂ ಸಿಕ್ಕಾರು. ಅದನ್ನೂ ಬರೆಯಿರಿ, ಆದರೆ ಮೆಟ್ಟಿಲು ತೋರಿಸಿದವರ ಮಾತಿಗೆ ಜಾಸ್ತಿ ಬೆಲೆ ಕೊಡಿ.

ಹೊಳೆ ಎಲ್ಲಿ ಹುಟ್ಟುತ್ತದೆ ಅಂತಲೂ ಗೊತ್ತಿರಬೇಕು. ಚಂದ್ರಗಿರಿ ಹೊಳೆಯ ನೀರು ಕೊಡಗಿನ ಪಟ್ಟಿಘಾಟ್ ಕಾಡಿನಿಂದ ಬರುತ್ತದೆ. ಶಿರಿಯ ಹೊಳೆ ಆನೆಗುಂಡಿ ಕಾಡಿನಿಂದ, ಉಪ್ಪಳ ಹೊಳೆ ವೀರಕಂಬ ಗುಡ್ಡದಿಂದ. ಅಂದರೆ ಕಾಸರಗೋಡಿನಲ್ಲಿ ಬಿಸಿಲು ಇದ್ದರೂ ಸಂಪಾಜೆಯಲ್ಲಿ ಮಳೆ ಹೊಡೆದರೆ ನಮ್ಮ ಹೊಳೆ ಏರಬಹುದು. ಹೊಳೆಕರೆಯವರು ಕೇರಳದ ಮುನ್ಸೂಚನೆಯ ಜೊತೆ ಕೊಡಗು, ದಕ್ಷಿಣ ಕನ್ನಡದ್ದನ್ನೂ ನೋಡಬೇಕು. ಸುಳ್ಯದ ಕಡೆ ಒಬ್ಬ ನೆಂಟರ ಫೋನ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು.

ಬರೆ, ಗುಡ್ಡೆ, ಸುರಂಗ

ಕಾಸರಗೋಡಿನಲ್ಲಿ ಜನ ಕಡಿಮೆ ಅಂದಾಜು ಮಾಡುವ ಅಪಾಯ ಇದೇ ಅಂತ ನನ್ನ ಅನಿಸಿಕೆ. ನಮ್ಮ ನೆಲವನ್ನು ಸ್ವಲ್ಪ ಅರ್ಥ ಮಾಡಿಕೊಂಡರೆ ಸಾಕು. ಮೇಲೆ ಗಟ್ಟಿ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಅಡಿಯಲ್ಲಿ ಶೇಡಿ ಮಣ್ಣು, ಬಿಳಿ ಇಲ್ಲವೇ ನಸುಗೆಂಪು, ಮುಟ್ಟಿದರೆ ನುಣ್ಣಗೆ. ಮುರಕಲ್ಲು ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಶೇಡಿ ಹಾಗಲ್ಲ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಬೆಣ್ಣೆ. ಜೇಸಿಬಿ ಮುರಕಲ್ಲು ದಾಟಿ ಶೇಡಿಯವರೆಗೆ ಕಡಿದರೆ ಮೇಲಿನ ಕಲ್ಲಿನ ಹೊರೆಗೆ ಅಡಿಪಾಯವೇ ಇಲ್ಲದ ಹಾಗಾಗುತ್ತದೆ. ನನ್ನ ಬರೆಯಲ್ಲಿ ಆದದ್ದು ಇದೇ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆಯಲ್ಲಿ, ಚೆಂಗಳದ ಬೇವಿಂಜೆಯಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡೆ ಜರಿದದ್ದನ್ನು ನಾವೆಲ್ಲ ನೋಡಿದ್ದೇವೆ.

ಪ್ರತಿ ಬರೆಯ ಹತ್ತಿರ ನಿಂತು ನಾಲ್ಕು ವಿಷಯ ನೋಡಿ. ಎತ್ತರ ಎಷ್ಟು, ಮನೆಯ ಗೋಡೆಯಿಂದ ದೂರ ಎಷ್ಟು? ಬರೆಯ ಎತ್ತರದಷ್ಟಾದರೂ ದೂರ ಇಲ್ಲದಿದ್ದರೆ ನಾನು ಕೆಂಪು ಗುರುತು ಹಾಕುತ್ತೇನೆ. ಅಡಿಯಲ್ಲಿ ಶೇಡಿ ಕಾಣುತ್ತದೆಯೇ? ಮೇಲ್ಗಡೆ ಹತ್ತಿ ಹೋಗಿ, ಅಂಚಿನಲ್ಲಿ ಬಿರುಕು ಇದೆಯೇ, ತೆಂಗು, ಕಂಗು (ಅಡಿಕೆ) ಮರಗಳು ಇತ್ತೀಚೆಗೆ ವಾಲಿವೆಯೇ? ಮೇಲಿನ ನೀರು ಬರೆಯ ಮೇಲೆಯೇ ಇಳಿಯುತ್ತದೆಯೇ, ಇಲ್ಲ ಕಣಿ ಮಾಡಿ ಬದಿಗೆ ತಿರುಗಿಸಿದ್ದಾರೆಯೇ? ಕೊನೆಯದ್ದು ಮುಖ್ಯ. ಬರೆಯ ನೆತ್ತಿಯಲ್ಲಿ ಒಂದು ಕಣಿ ಕಡಿಯಲು ಎರಡಾಳಿನ ಒಂದು ದಿನದ ಕೆಲಸ.

ಇಲ್ಲೊಂದು ಅಪ್ರಿಯವಾದ ಮಾತು. ಇಂಗುಗುಂಡಿ ಒಳ್ಳೆಯದು ಅಂತ ಎಲ್ಲ ಕಡೆ ಗುಂಡಿ ತೆಗೆಯುತ್ತಾರೆ. ಸಮತಟ್ಟು ಜಾಗದಲ್ಲಿ ತೆಗೆಯಿರಿ, ಬಹಳ ಒಳ್ಳೆಯದು. ಕಡಿದಾದ ಇಳಿಜಾರಿನಲ್ಲಿ, ಅದೂ ಮನೆಯ ಮೇಲ್ಗಡೆ ತೆಗೆದರೆ ನೀವೇ ಗುಡ್ಡೆಯ ಹೊಟ್ಟೆಗೆ ನೀರು ಕುಡಿಸಿದ ಹಾಗೆ.

ಸುರಂಗ, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿ, ಇರುವ ಮನೆಗಳು ಎಣ್ಮಕಜೆ, ಪೈವಳಿಕೆ ಕಡೆ ಬೇಕಾದಷ್ಟು. ಉಪಯೋಗದಲ್ಲಿರುವ ಸುರಂಗ ಒಂದು ಲೆಕ್ಕದಲ್ಲಿ ಕಾವಲುಗಾರ. ಸದಾ ತಿಳಿಯಾಗಿ ಬರುವ ನೀರು ಒಮ್ಮೆಲೇ ಕೆಂಪಾಗಿ ಕೆಸರು ಬಂದರೆ ಒಳಗೆ ಏನೋ ಜರಿಯುತ್ತಿದೆ ಅಂತ ಅರ್ಥ. ಬಾವಿಯ ನೀರು ಕದಡಿದರೂ, ಇಲ್ಲದ ಜಾಗದಲ್ಲಿ ಒರತೆ ಎದ್ದರೂ, ಬಾಗಿಲು ಕಿಟಕಿ ಹಾಕಲು ಬಾರದ ಹಾಗೆ ಬಿಗಿಯಾದರೂ ಹಾಗೆಯೇ. ಜಡಿಮಳೆ ಸುರಿಯುತ್ತಿರುವಾಗ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರುತ್ತದೆ. ಆಗ ನೋಡಲು ಹೋಗಬೇಡಿ, ಮನೆ ಬಿಡಿ. ಪಾಳುಬಿದ್ದ ಸುರಂಗದ ಬಾಯಿ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತಿಸಿ. ಅದರ ಮೇಲೆಯೇ ಮನೆ ಕಟ್ಟಿದವರಿದ್ದಾರೆ, ಅವರಿಗೇ ಗೊತ್ತಿಲ್ಲ.

ಕಡಲಕರೆಯವರಿಗೆ

ಕಡಲ್ಕೊರೆತಕ್ಕೆ ಹಳೆಯ ಫೋಟೋಗಳೇ ಸಾಕ್ಷಿ. ಮದುವೆ, ಗೃಹಪ್ರವೇಶದ ಫೋಟೋದಲ್ಲಿ ಹಿಂದೆ ಕಾಣುವ ತೆಂಗಿನ ಸಾಲು ಈಗ ಎಷ್ಟಿದೆ, ಎಣಿಸಿ. ಒಂದು ಗಟ್ಟಿ ಗುರುತಿನಿಂದ ದಡದ ಅಂಚಿಗೆ ಹೆಜ್ಜೆ ಅಳೆಯಿರಿ, ಪ್ರತಿ ವರ್ಷ ಅದೇ ತಿಂಗಳಲ್ಲಿ. ಉಪ್ಪಳದ ಮೂಸೋಡಿಯಲ್ಲಿ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಸಮಯದಲ್ಲಿ ಎರಡಂತಸ್ತಿನ ಮನೆಯೇ ಕುಸಿದು ಬಿತ್ತು. ನಿಮ್ಮ ಪಕ್ಕದ ಊರಿಗೆ ಹೊಸ ಕಲ್ಲಿನ ತಡೆಗೋಡೆ ಬಂದಿದ್ದರೆ ಅದರ ಕೊನೆಯಲ್ಲಿರುವ ಮನೆಗಳನ್ನು ಮುಖ್ಯವಾಗಿ ಗಮನಿಸಿ. ಗೋಡೆ ಮುಗಿದ ಜಾಗದಲ್ಲಿ ಕೊರೆತ ಜೋರಾಗುವುದು ಸಾಮಾನ್ಯ.

ಮಳೆಗಾಲ ಅಲ್ಲದಾಗಲೂ ಬರುವುದು ಕಳ್ಳಕಡಲು. ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ತಿಳಿ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಬಂದು ದಡ ಹತ್ತುತ್ತದೆ. 2024ರ ಮಾರ್ಚ್ ಕೊನೆಗೆ ಕೇರಳದ ಕರಾವಳಿಯಲ್ಲಿ ಆದದ್ದು ಇದೇ. ಇದರ ಎಚ್ಚರಿಕೆ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಿಂದ ಬರುತ್ತದೆ. ಆಕಾಶ ನೋಡಿ ಅಂದಾಜು ಮಾಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಉಳಿದವು, ಬೇಗ ಬೇಗ

ಸಿಡಿಲು ನಮ್ಮಲ್ಲಿ ಜೋರು ಏಪ್ರಿಲ್, ಮೇಯಲ್ಲಿ, ಮತ್ತೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲಿ, ಮಧ್ಯಾಹ್ನದ ಮೇಲೆ. ಪದವಿನಲ್ಲಿ ಒಂಟಿಯಾಗಿ ನಿಂತ ಮನೆ, ತೋಟದ ಕೆಲಸದವರು, ಆಟದ ಮೈದಾನದ ಮಕ್ಕಳು, ಇವರನ್ನು ಗುರುತಿಸಿ. ಮಿಂಚು ಕಂಡು 30 ಸೆಕೆಂಡಿನ ಒಳಗೆ ಗುಡುಗು ಕೇಳಿದರೆ ಒಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಫೋನಿನಲ್ಲಿ ಇರಲಿ. ಗಾಳಿಗೆ: ಮನೆಯ ಮೇಲೆ ವಾಲಿದ ಮರ, ಶೀಟಿನ ಮಾಡು, ಕಂಗಿನ ತೋಟದ ನಡುವೆ ಹೋದ ಕರೆಂಟು ತಂತಿ. ಭೂಕಂಪಕ್ಕೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. 2022ರ ಜೂನ್, ಜುಲೈಯಲ್ಲಿ ಸುಳ್ಯ, ಸಂಪಾಜೆ ಕಡೆ ಭೂಮಿ ನಡುಗಿದ್ದು ಪಾಣತ್ತೂರು ಕಡೆಗೂ ಗೊತ್ತಾಗಿತ್ತು. ಹಳೆಯ ಮಣ್ಣಿನ ಗೋಡೆಯ ಮನೆಗಳನ್ನು ಪಟ್ಟಿ ಮಾಡಿದರೆ ಸಾಕು, ಆ ಪಟ್ಟಿ ಮಳೆಗೂ ಬೇಕು. ಬರಗಾಲ ಮಾತ್ರ ಮರೆಯಬೇಡಿ. ಇಷ್ಟು ಮಳೆ ಬರುವ ಜಿಲ್ಲೆಯಲ್ಲೂ ಏಪ್ರಿಲಿನಲ್ಲಿ ಟ್ಯಾಂಕರ್ ಬರುತ್ತದೆ. 2016ರಲ್ಲಿ ಕೇರಳದ 14 ಜಿಲ್ಲೆಗಳನ್ನೂ ಬರಪೀಡಿತ ಅಂತ ಘೋಷಿಸಿದ್ದರು. ಮೇ ತಿಂಗಳಲ್ಲೂ ಬತ್ತದ ಬಾವಿ ಯಾವುದು ಅಂತ ಗುರುತು ಮಾಡಿ.

ಈಗ ಮನುಷ್ಯರನ್ನು ಬರೆಯಿರಿ

ಇಲ್ಲಿಯವರೆಗೆ ನೆಲ ನೋಡಿದಿರಿ. ಇನ್ನು ಮನೆಮನೆಗೆ ಹೋಗಬೇಕು. ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಮಹಿಳಾ ಸಂಘದವರು ಜೊತೆಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಉದ್ಯೋಗ ಖಾತರಿಯ ಅಕ್ಕಂದಿರನ್ನು ಬಿಡಲೇಬೇಡಿ, ಯಾವ ತೋಡು ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಇಂಜಿನಿಯರಿಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಕೇಳಬೇಕಾದ್ದು: ರಾತ್ರಿ ಎರಡು ಗಂಟೆಗೆ ಮನೆ ಬಿಡಬೇಕಾದರೆ ಯಾರನ್ನು ಎತ್ತಿಕೊಂಡು ಹೋಗಬೇಕು? ಡಯಾಲಿಸಿಸ್ ಇದೆಯೇ? ಆಕ್ಸಿಜನ್ ಇದೆಯೇ? ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದ ಮಕ್ಕಳು ಇರುವ ಮನೆಗಳು ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು ಕಡೆ ಈಗಲೂ ಇವೆ. ಅಂಥ ಮನೆಗೆ ‘ಸುರಕ್ಷಿತ ಜಾಗಕ್ಕೆ ತೆರಳಿ’ ಅನ್ನುವ ಎಸ್ಸೆಮ್ಮೆಸ್ಸಿನಿಂದ ಏನೂ ಪ್ರಯೋಜನ ಇಲ್ಲ. ಜೀಪು ಯಾರದ್ದು, ಎತ್ತುವ ಇಬ್ಬರು ಯಾರು, ಹೆಸರು ಬರೆದಿರಬೇಕು. ದನಗಳು ಎಷ್ಟು ಅಂತಲೂ ಕೇಳಿ. ಹಟ್ಟಿಯಲ್ಲಿ ದನ ಬಿಟ್ಟು ಬರಲು ಎಷ್ಟೋ ಜನ ಒಪ್ಪುವುದಿಲ್ಲ, ಕೊನೆಯ ಗಳಿಗೆಯ ಜಗಳ ಇದೇ.

ಬಾಡಿಗೆ ಕೋಣೆಗಳಲ್ಲಿ, ಕೋರೆಯ ಶೆಡ್ಡುಗಳಲ್ಲಿ ಇರುವ ಹೊರ ರಾಜ್ಯದ ಕೆಲಸದವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಇರಲಿ.

ದಾರಿಯನ್ನೂ ನೋಡಿ. ನಮ್ಮಲ್ಲಿ ಎಷ್ಟೋ ಜನರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ದಾರಿ ಒಂದೇ ಆದರೆ ಏನಾಗುತ್ತದೆ ಅಂತ 2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯ ಗಡಿ ಮುಚ್ಚಿದಾಗ ನೋಡಿದ್ದೇವೆ. ಆ ಸಂಕ ಮುಳುಗಿದರೆ ಇನ್ನೊಂದು ದಾರಿ ಯಾವುದು, ಆ ದಾರಿಯಲ್ಲಿ ಆ್ಯಂಬುಲೆನ್ಸ್ ತಿರುಗುತ್ತದೆಯೇ, ಹೋಗಿ ನೋಡಿ.

ಅಂಕ ಹಾಕುವುದು

ಪ್ರತಿ ಮನೆಗೆ ಮೂರು ಅಂಕ, ಒಂದೊಂದಕ್ಕೂ 1ರಿಂದ 3. ಆಗುವ ಸಾಧ್ಯತೆ ಎಷ್ಟು, ಆದರೆ ಪೆಟ್ಟು ಎಷ್ಟು, ತಪ್ಪಿಸಿಕೊಳ್ಳಲು ಕಷ್ಟ ಎಷ್ಟು. ಮೂರನ್ನೂ ಗುಣಿಸಿ. ಕೂಡಿಸಬೇಡಿ, ಕೂಡಿಸಿದರೆ ವ್ಯತ್ಯಾಸ ಕಾಣುವುದಿಲ್ಲ.

ಹೊಳೆಕರೆಯ ಅಜ್ಜನ ಮನೆ ನೋಡಿ. ಅಂಗಳಕ್ಕೆ ನೀರು ಬರುವುದು ಆಗಾಗ, ಅದಕ್ಕೆ 3. ಪೆಟ್ಟು 1, ಯಾಕೆಂದರೆ ಮನೆ ಎತ್ತರದ ಪಂಚಾಂಗದ (ಅಡಿಪಾಯದ ಕಟ್ಟೆಯ) ಮೇಲಿದೆ. ತಪ್ಪಿಸಿಕೊಳ್ಳುವುದು ಸುಲಭ, ನೀರು ಏರಲು ಗಂಟೆಗಟ್ಟಲೆ ಬೇಕು, 1. ಗುಣಿಸಿದರೆ 3. ಮೇಲಿನ ತಿರುವಿನಲ್ಲಿ ಬರೆಯ ಅಡಿಯ ಇನ್ನೊಂದು ಮನೆ. ಇಲ್ಲಿಯವರೆಗೆ ಏನೂ ಆಗಿಲ್ಲ, ಸಾಧ್ಯತೆ 2. ಆದರೆ ಜೀವಕ್ಕೇ ಪೆಟ್ಟು, 3. ಮಲಗಿದಲ್ಲೇ ಇರುವ ಅಜ್ಜಿ ಬರೆಯ ಬದಿಯ ಕೋಣೆಯಲ್ಲಿ, 3. ಒಟ್ಟು 18. ಊರಿನಲ್ಲಿ ಎಲ್ಲರೂ ಅಜ್ಜನ ಮನೆಯ ಬಗ್ಗೆ ಮಾತಾಡುತ್ತಿದ್ದರು. ಈ ಮನೆಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಅಜ್ಜಿಯನ್ನು ಮಳೆಗಾಲಕ್ಕೆ ಮುಂದಿನ ಕೋಣೆಗೆ ಮಲಗಿಸಿದರು. ಖರ್ಚು ಸೊನ್ನೆ.

ಎಚ್ಚರಿಕೆಯ ಬಣ್ಣಕ್ಕೆ ನಿಮ್ಮ ಪಟ್ಟಿಯನ್ನು ಜೋಡಿಸಿ

24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆ ಬರಬಹುದು ಅಂದರೆ ಹವಾಮಾನ ಇಲಾಖೆಯ ಎಚ್ಚರಿಕೆ ಸಾಮಾನ್ಯವಾಗಿ ಹಳದಿ. 115.6ರಿಂದ 204.4ರವರೆಗೆ ಕಿತ್ತಳೆ. ಅದಕ್ಕೂ ಮೇಲೆ ಕೆಂಪು. ಇದು ಇಡೀ ಜಿಲ್ಲೆಗೆ ಕೊಡುವ ಬಣ್ಣ. ನಿಮ್ಮ ಗುಡ್ಡೆಗೆ ಎಷ್ಟು ಬಿತ್ತು ಅಂತ ನೀವೇ ಅಳೆಯಬೇಕು. ಮಳೆಮಾಪಕ ಇಲ್ಲವೇ? ಬಾಯಿ ಮತ್ತು ತಳ ಒಂದೇ ಅಗಲ ಇರುವ ಪಾತ್ರೆ ಬಯಲಿನಲ್ಲಿಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಹತ್ತು ಸೆಂಟಿಮೀಟರ್ ಅಂದರೆ 100 ಮಿ.ಮೀ. ನಮ್ಮ ಪದ್ಧತಿ ಹೀಗೆ: ಕಿತ್ತಳೆ ಬಂದರೆ 12ಕ್ಕಿಂತ ಜಾಸ್ತಿ ಅಂಕದ ಮನೆಗಳಿಗೆ ಫೋನ್. ಎರಡು ದಿನ ಸತತ ನೂರು ದಾಟಿದರೆ ಬಣ್ಣ ಯಾವುದೇ ಇರಲಿ, ರಾತ್ರಿ ಆಗುವ ಮೊದಲು ಅವರು ನೆಂಟರ ಮನೆಗೆ.

ಮೊಗ್ರಾಲ್ ಹೊಳೆಗೆ ಮಧೂರಿನಲ್ಲಿ, ಉಪ್ಪಳ ಹೊಳೆಗೆ ಉಪ್ಪಳದಲ್ಲಿ ನೀರಿನ ಮಟ್ಟ ನೋಡುವ ಸ್ಟೇಷನ್ ಇದೆ. ನೀರು ಏರಿದರೆ ಹೊಳೆಯ ಹೆಸರು ಹೇಳಿಯೇ ಎಚ್ಚರಿಕೆ ಕೊಡುತ್ತಾರೆ.

ಎಚ್ಚರಿಕೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಮನೆಯಲ್ಲಿ ಕನ್ನಡ, ತುಳು ಮಾತ್ರ ಬರುವ ಹಿರಿಯರಿಗೆ ಈ ಕೆಲವು ಶಬ್ದ ಹೇಳಿಕೊಡಿ. ಉರುಳ್‌ಪೊಟ್ಟಲ್ ಅಂದರೆ ಗುಡ್ಡ ಒಡೆದು ನೀರು, ಕಲ್ಲು, ಮಣ್ಣು ಒಟ್ಟಿಗೆ ನುಗ್ಗುವುದು. ಮಣ್ಣಿಡಿಚ್ಚಿಲ್ ಅಂದರೆ ಬರೆ ಜರಿಯುವುದು. ವೆಳ್ಳಪ್ಪೊಕ್ಕಂ ನೆರೆ. ಇಡಿಮಿನ್ನಲ್ ಗುಡುಗು ಮಿಂಚು. ದುರಿತಾಶ್ವಾಸ ಕ್ಯಾಂಪ್ ಅಂದರೆ ಶಾಲೆಯಲ್ಲಿ ಮಾಡುವ ಶಿಬಿರ.

ಜಿಲ್ಲಾ ತುರ್ತು ಕೇಂದ್ರದ ನಂಬರ್ 1077. ಹೊರಗಿನಿಂದ ಮಾಡುವುದಾದರೆ ಮೊದಲು 04994 ಸೇರಿಸಿ. ಗಡಿಯ ಊರುಗಳಲ್ಲಿ ಫೋನು ಆಚೆ ರಾಜ್ಯದ ಟವರ್ ಹಿಡಿಯುವುದು ಮಾಮೂಲು, ಹಾಗಾಗಿ ಜಿಲ್ಲೆ, ಪಂಚಾಯತು, ವಾರ್ಡು ಹೇಳಿಯೇ ಮಾತು ಶುರು ಮಾಡಿ. ಅಗ್ನಿಶಾಮಕ ದಳ 101, ಪೊಲೀಸ್ ಸೇರಿ ಎಲ್ಲದಕ್ಕೂ 112.

ನಕ್ಷೆಯ ಮೂರು ಪ್ರತಿ ಮಾಡಿ. ಒಂದು ವಾರ್ಡ್ ಮೆಂಬರಿಗೆ, ಒಂದು ವಿಲ್ಲೇಜ್ ಆಫೀಸಿಗೆ ಸೀಲು ಹಾಕಿಸಿಕೊಂಡು, ಒಂದು ಹಾಲಿನ ಸೊಸೈಟಿಯ ಗೋಡೆಗೆ. ರೋಗಿಗಳ ಹೆಸರು ಇರುವ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ಅದು ಆಶಾ ಮತ್ತು ಮೆಂಬರ ಹತ್ತಿರ ಮಾತ್ರ ಇರಲಿ.

ನಮ್ಮ ಮನೆಗೆ ಮೊದಲ ವರ್ಷ 12 ಬಂದಿತ್ತು. ಬರೆಯನ್ನು ಮೂರು ಮೆಟ್ಟಿಲು ಮಾಡಿ ಹಿಂದಕ್ಕೆ ಕಡಿಸಿದೆವು, ನೆತ್ತಿಯಲ್ಲಿ ಕಣಿ ತೆಗೆಸಿದೆವು, ಹುಲ್ಲು ನೆಟ್ಟೆವು. ಈಗ 6. ಪಾತ್ರೆ ತೊಳೆಯುವ ಕಲ್ಲನ್ನು ಪಡುಬದಿಗೆ ಹಾಕಿದ್ದೇವೆ. ಬಿಸಿಲು ಬೀಳುತ್ತದೆ ಅಂತ ಅಮ್ಮನಿಗೆ ಇನ್ನೂ ಬೇಸರ.